ಕುಮಾರ ಗಂಧರ್ವರು ಬೆರೆಸಲಿಲ್ಲ

ಹಲವು ಬಗೆಯ ಹಾಡು ಹಾಡಿದ ಗಾಯಕರನ್ನು ‘ಎಲ್ಲವನ್ನೂ ಬೆರೆಸಿದವರು’ ಎಂದು ಹೊಗಳುವುದು ರೂಢಿ. ಕುಮಾರ ಗಂಧರ್ವರ ಮಟ್ಟಿಗೆ ಆ ಹೊಗಳಿಕೆ ಸಲ್ಲದು. ಖ್ಯಾಲ್, ಕಬೀರನ ನಿರ್ಗುಣ ಭಜನೆ, ಮಾಳವದ ಜನಪದ ಧಾಟಿ, ಮರಾಠಿ ನಾಟ್ಯಗೀತೆ ಎಲ್ಲವೂ ಅವರ ಧ್ವನಿಮುದ್ರಿಕೆಗಳಲ್ಲಿವೆ. ಆದರೆ ಭಜನೆಗೆ ಖ್ಯಾಲಿನ ತಾನುಗಳ ಭಾರ ಹೇರಿಲ್ಲ, ನಾಟ್ಯಗೀತೆಯನ್ನು ಭಜನೆಯಾಗಿಸಿಲ್ಲ. ಇದಕ್ಕೆ ಕಾರಣವನ್ನು ಅವರ ಬಾಲ್ಯದಲ್ಲೇ ಹುಡುಕಬೇಕು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠನಿಗೆ ಗ್ರಾಮಫೋನೇ ದೊಡ್ಡ ಗುರು. ಉಸ್ತಾದರ ತಟ್ಟೆಗಳನ್ನು ಕೇಳಿ, ತಾನುಗಳ ಸಮೇತ ಹಾಗ್ಹಾಗೇ ಒಪ್ಪಿಸುತ್ತಿದ್ದ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ಹಾಡುವ ರಾಗವನ್ನು ಹಿಂಡಿ ತೆಗೆದ ಸಾರ ಅದು. ಅನುಕರಣೆಯಿಂದಲೇ ‘ಕುಮಾರ ಗಂಧರ್ವ’ ಎನಿಸಿಕೊಂಡ ಹುಡುಗ 1936ರಲ್ಲಿ ಮುಂಬಯಿಯ ಬಿ.ಆರ್. ದೇವಧರರ ಕೈಗೆ ಬಂದ. ಒಂದೇ ಘರಾಣೆಗೆ ಕಟ್ಟುಬೀಳದ ಗುರು ಅವರು. ಮುಂದಿನದೆಲ್ಲ ಆ ಅನುಕರಣೆಯನ್ನು ಕಳಚಿಕೊಳ್ಳುವ ಕೆಲಸವೇ ಆಯಿತು.

ಕ್ಷಯ ತಗಲಿ 1948ರಲ್ಲಿ ಅವರು ಮಾಳವದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗ ಕಿವಿಗೆ ಬಿದ್ದದ್ದು ಮಾಳವದ ಹೆಂಗಸರ ಪದ, ಬೀದಿಯಲ್ಲಿ ಹೋಗುವ ಜೋಗಿಗಳ ಕಬೀರ. ನಾಲ್ಕೈದು ಸ್ವರಗಳಲ್ಲಿ ಮುಗಿದುಹೋಗುವ ಆ ಧಾಟಿಗಳಲ್ಲಿ ಅವರಿಗೆ ರಾಗದ ಬೀಜ ಕಂಡಿತು. ಲಗನಗಾಂಧಾರ, ಸಂಜಾರಿ, ಮಾಲವತಿ ಹುಟ್ಟಿದ್ದು ಹೀಗೆ. ಆ ರಾಗಗಳಿಗೆ ಮಾತನ್ನೂ ಮಟ್ಟನ್ನೂ ತಾವೇ ಕಟ್ಟಿದರು; ಅವರ ಬಂದಿಶ್‌ಗಳ ಸಂಗ್ರಹ ‘ಅನೂಪರಾಗವಿಲಾಸ’ 1965ರಲ್ಲಿ ಬಂತು. ಒಂದು ಶ್ವಾಸಕೋಶ ಕೆಟ್ಟದ್ದರಿಂದ ಉಸಿರು ಸಾಲದೆ ತುಂಡುತುಂಡಾಗಿ ಹಾಡಿದರು, ಅದನ್ನೇ ಶೈಲಿ ಎಂದರು ಎಂಬ ಆಕ್ಷೇಪ ಹಳೆಯದು. ಉಸಿರಿನ ಮಾತು ಸುಳ್ಳಲ್ಲ. ಆದರೆ ಕಾಯಿಲೆ ಉಸಿರನ್ನು ಕಡಿಮೆ ಮಾಡೀತು, ರಾಗ ಕೊಟ್ಟೀತೆ? ನಿರ್ಗುಣ ಭಜನೆಯ ಮುದ್ರಿಕೆ ಹಾಕಿ ನೋಡಿ: ಮೊದಲು ಕೂದಲೆಳೆಯಷ್ಟೂ ತಪ್ಪದಂತೆ ಶ್ರುತಿ ಕೂಡಿದ ತಂಬೂರಿ, ಆಮೇಲೆ ಒಂದು ಶಬ್ದವನ್ನು ಮೇಲಕ್ಕೆ ಎಸೆದು ಥಟ್ಟನೆ ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ತಂಬೂರಿಯೇ ಹಾಡುತ್ತದೆ. ಅದು ಉಸಿರು ಸೋತವನ ನಿಲುಗಡೆಯಲ್ಲ. ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದವನದು.

ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರ ನಾಟ್ಯಗೀತೆಗಳನ್ನು ಕುಮಾರರು ಹಾಡಿದ ಕಾರ್ಯಕ್ರಮಕ್ಕೆ, ತಮಗೆ ತಿಳಿದಂತೆ ಬಾಲಗಂಧರ್ವ ಎಂಬರ್ಥದ ಮರಾಠಿ ಹೆಸರಿತ್ತು. ತಟ್ಟೆಯನ್ನು ಯಥಾವತ್ತಾಗಿ ಒಪ್ಪಿಸುತ್ತಿದ್ದ ಹುಡುಗ ಈಗ ನಕಲು ಬೇಡವೆನ್ನುತ್ತಿದ್ದ. ಮೂಲದ ಮೋಹಕತೆ ಇಲ್ಲಿಲ್ಲ ಎಂದು ಕೆಲವರು ಗೊಣಗಿದರೆ ಅದರಲ್ಲೂ ನ್ಯಾಯವಿದೆ. ಕುಮಾರರು ಆ ಮೋಹಕತೆಯ ಬೆನ್ನು ಹತ್ತಿರಲೇ ಇಲ್ಲ.

ಇನ್ನೊಂದು ತಕರಾರು ನಮ್ಮ ಕಡೆಯದು: ಮುದ್ರಿಕೆಗಳು ಬಹುಪಾಲು ಹಿಂದಿ, ಮರಾಠಿ, ಮಾಳವಿಯವು, ಇವರು ಕನ್ನಡದವರು ಹೇಗೆ? ಬೆಳಗಾವಿಯಿಂದ ಕೊಲ್ಲಾಪುರದ ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿದರೆ ಕೊಗನೊಳ್ಳಿ, ಅಲ್ಲಿಗೆ ಕರ್ನಾಟಕ ಮುಗಿಯಿತು. ಬಾಲಕ ಶಿವಪುತ್ರ ಮುಂಬಯಿಗೆ ಹೋದಾಗ ಈ ರಾಜ್ಯಗಡಿ ಇರಲಿಲ್ಲ, ಬೆಳಗಾವಿ ಮುಂಬಯಿ ಪ್ರಾಂತದಲ್ಲೇ ಇತ್ತು. 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನೆಲೆ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ರಂಗಭೂಮಿ ಕನ್ನಡ ಮಟ್ಟುಗಳನ್ನೂ ಧಾರಾಳವಾಗಿ ಎತ್ತಿಕೊಂಡಿತ್ತು. ಹೀಗಾಗಿ ನಾಟ್ಯಗೀತೆ ಈ ಸೀಮೆಗೆ ಪರವೂರಿನದಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಹೊಸ ಕೇಳುಗರು ಅವರ ಖ್ಯಾಲಿಗೆ ನೇರವಾಗಿ ಕೈಹಾಕದೆ, ಕಿವಿಗೆ ಪರಿಚಯವಿರುವ ನಾಟ್ಯಗೀತೆಯಿಂದಲೇ ಶುರುಮಾಡಬಹುದು. ಆಮೇಲೆ ನಿರ್ಗುಣ, ಆಮೇಲೆ ಮಾಳವದ ಧಾಟಿ, ಕೊನೆಗೆ ಲಗನಗಾಂಧಾರ.