ಸುದ್ದಿಯೊಳಗಿನ ತಾಂಡಾ: ಕಾಣುವವರು ಯಾರು, ಮಾತಾಡುವವರು ಯಾರು?

ಸಮೂಹ ಮಾಧ್ಯಮಗಳು ಒಂದು ಸಮುದಾಯವನ್ನು ನೋಡುವ ವಸ್ತುವಾಗಿಯೂ ತೋರಿಸಬಹುದು, ಮಾತಾಡುವ ಮನುಷ್ಯರಾಗಿಯೂ ತೋರಿಸಬಹುದು. ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಬೋಧನಾಭ್ಯಾಸಕ್ಕೆ ಹೋಗುವ ನಮಗೆ ಈ ವ್ಯತ್ಯಾಸ ಗೊತ್ತಿರಬೇಕು. ಏಕೆಂದರೆ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ.

ಲಂಬಾಣಿಗರು ಹಿಂದೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರಿಗೆ ಸಾಗಿಸುತ್ತಿದ್ದರು. ರೈಲು, ರಸ್ತೆ ಬಂದ ಮೇಲೆ ಆ ಕಸುಬು ಹೋಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂಥ ಹಲವು ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. 1952ರಲ್ಲಿ ಕಾಯ್ದೆ ರದ್ದಾದರೂ ಅನುಮಾನದ ನೋಟ ಪೂರ್ತಿ ಹೋಗಲಿಲ್ಲ.

ಇಂದಿನ ಸುದ್ದಿಗಳಲ್ಲಿ ತಾಂಡಾ ಹೆಚ್ಚಾಗಿ ಮೂರು ರೂಪಗಳಲ್ಲಿ ಬರುತ್ತದೆ. ಮೆರವಣಿಗೆಯಲ್ಲಿ ಕನ್ನಡಿ ಹೊಲಿದ ಉಡುಪಿನ ಕುಣಿತ, ಕಳ್ಳಬಟ್ಟಿ ದಾಳಿ, ಗುಳೆ ಹೋದವರ ಬೀಗ ಹಾಕಿದ ಮನೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದು ಹೆಮ್ಮೆಯ ಸಂಗತಿ. ಆದರೆ ಕಸೂತಿ ಮಾಡಿದ ಕೈಗಳಿಗೆ ಸಿಗುವ ಕೂಲಿ ಎಷ್ಟೆಂದು ಕೇಳುವ ವರದಿಯೂ ಬೇಕು.

ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆಯಲ್ಲ. ಜಪಾನಿನ ಐನು ಜನರನ್ನು ಅಲ್ಲಿನ ಮೂಲನಿವಾಸಿಗಳೆಂದು 2019ರ ಕಾಯ್ದೆ ಹೇಳಿತು. ಆದರೂ 2021ರ ಮಾರ್ಚ್‌ನಲ್ಲಿ ಟಿವಿ ಕಾರ್ಯಕ್ರಮವೊಂದು ಅವರನ್ನು ಹೀಯಾಳಿಸುವ ಮಾತನ್ನು ಪ್ರಸಾರ ಮಾಡಿ, ನಂತರ ವಾಹಿನಿ ಕ್ಷಮೆ ಕೇಳಬೇಕಾಯಿತು. ಕಾನೂನು ಬದಲಾದಷ್ಟು ಬೇಗ ಮಾಧ್ಯಮದ ರೂಢಿ ಬದಲಾಗುವುದಿಲ್ಲ.

ಒಂಬತ್ತನೇ ತರಗತಿಗೆ ಸಂತ ಸೇವಾಲಾಲ್ ಜಯಂತಿಯ ಪತ್ರಿಕಾ ಚಿತ್ರವೊಂದನ್ನು ತೋರಿಸಿದಾಗ ತಾಂಡಾದ ಒಬ್ಬ ಹುಡುಗಿ ಕೇಳಿದಳು: "ಸರ್, ನಮ್ಮವ್ವ ಇಂಥಾದ್ದು ಹಾಕ್ಕೊಳ್ಳಂಗಿಲ್ರೀ, ಸೀರಿ ಉಡ್ತಾಳ್ರೀ. ಹಂಗಾರ ನಾವು ಲಂಬಾಣಿ ಅಲ್ಲೇನ್ರೀ?"

ಉತ್ತರವನ್ನು ವಿಜ್ಞಾನದ ದಾರಿಯಲ್ಲೇ ಹುಡುಕಿದೆವು. ಒಂದು ಹಿಡಿ ಮಣ್ಣು ನೋಡಿ ಇಡೀ ಹೊಲದ ಗುಣ ಹೇಳಲಾಗದು, ಬೇರೆ ಬೇರೆ ಕಡೆಯ ಮಾದರಿ ಬೇಕು. ಹಾಗೆಯೇ ಹಬ್ಬದ ದಿನದ ಒಂದು ಚಿತ್ರ ಇಡೀ ಸಮುದಾಯದ ಮಾದರಿಯಲ್ಲ. ಮಕ್ಕಳು ಸುದ್ದಿ ತುಣುಕುಗಳನ್ನು ತಂದು ನಾಲ್ಕು ಕಾಲಂಗಳ ಪಟ್ಟಿ ಮಾಡಿದರು: ಯಾರ ಚಿತ್ರ? ಹೆಸರಿದೆಯೇ? ಮಾತು ಯಾರದು? ದಿನನಿತ್ಯದ ಕೆಲಸ ಕಾಣುತ್ತದೆಯೇ? ಚಿತ್ರದ ಕಾಲಂ ಬೇಗ ತುಂಬಿತು. ಮಾತಿನ ಕಾಲಂನಲ್ಲಿ ಅಧಿಕಾರಿಗಳು, ಮುಖಂಡರೇ ಹೆಚ್ಚಾಗಿದ್ದರು.

ನಂತರ ಪ್ರತಿಯೊಬ್ಬರೂ ತಮ್ಮ ಮನೆಯವರೊಬ್ಬರನ್ನು ಮಾತಾಡಿಸಿ ಹತ್ತು ಸಾಲಿನ ಸುದ್ದಿ ಬರೆದರು. ಆ ಹುಡುಗಿ ತನ್ನ ತಾಯಿ ಗೋವಾದಲ್ಲಿ ಕಟ್ಟಡ ಕೆಲಸ ಮಾಡಿದ್ದನ್ನು, ಮಗಳ ಶಾಲೆ ತಪ್ಪಬಾರದೆಂದು ಈ ವರ್ಷ ಗುಳೆ ಹೋಗದೆ ಉಳಿದದ್ದನ್ನು ಬರೆದಳು. ತಾಯಿಯ ಮಾತುಗಳನ್ನು ಮೊದಲು ಗೋರ್ ಬೋಲಿಯಲ್ಲಿ, ಕನ್ನಡ ಲಿಪಿಯಲ್ಲೇ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಕೊಟ್ಟಳು. ತರಗತಿ ಅದನ್ನು ಗೋಡೆ ಪತ್ರಿಕೆಗೆ ಆರಿಸಿತು.

ಈ ಚಟುವಟಿಕೆಗೆ ಎರಡು ಅವಧಿ, ಹಳೆಯ ಪತ್ರಿಕೆಗಳು ಮತ್ತು ಒಂದು ಚಾರ್ಟ್ ಸಾಕು. ಸಹಪಾಠಿಗಳಿಗೆ ಒಂದು ಸೂಚನೆ: ತಾಂಡಾದ ಮಕ್ಕಳನ್ನಷ್ಟೇ ಎಬ್ಬಿಸಿ ಕೇಳಬೇಡಿ, ಎಲ್ಲ ಮಕ್ಕಳ ಮನೆಯ ಸುದ್ದಿಯೂ ಒಂದೇ ಗೋಡೆಯ ಮೇಲೆ ಬರಲಿ.