ಇರುವೆಗಳ ಊಟಕ್ಕೆ ಇಪ್ಪತ್ತು ನಿಮಿಷ ಬೆಳಕು

ಮೊದಲ ಮಳೆ ಬಿದ್ದ ದಿನ ಸಂಜೆ ಏಳು ಗಂಟೆಗೆ ನಮ್ಮ ಕಡೆಯ ಯಾವ ಮನೆಯ ಜಗಲಿಗೆ ಹೋದರೂ ಒಂದೇ ಮಾತು: "ಲೈಟ್ ಆಫ್ ಮಾಡು ಮಾರಾಯ, ಹುಳ ಬರ್ತದೆ!" ಟ್ಯೂಬ್‌ಲೈಟಿನ ಸುತ್ತ ರೆಕ್ಕೆ ಬಂದ ಗೆದ್ದಲು, ನೆಲದಲ್ಲಿ ಉದುರಿದ ರೆಕ್ಕೆಗಳ ರಾಶಿ, ಗೋಡೆಯಲ್ಲಿ ಹೊಟ್ಟೆ ತುಂಬಿದ ಹಲ್ಲಿ. ಎಲ್ಲರೂ ಓಡಿಸಲು ನೋಡುವ ಈ ಹುಳಗಳನ್ನು ಬೇಕೆಂದೇ ಹಿಡಿಯುವವರು ನಾವು ಮೂವರು. ಒಬ್ಬರದು ಬಂಟ್ವಾಳ, ಒಬ್ಬರದು ಬೆಳ್ತಂಗಡಿ, ಇನ್ನೊಬ್ಬರದು ಮೂಡುಬಿದಿರೆ. ಕಾರಣ ಇಷ್ಟೇ: ನಾವು ಇರುವೆ ಸಾಕುತ್ತೇವೆ, ಇರುವೆಗೆ ಹುಳ ಬೇಕು.

ಇರುವೆಗೆ ಎಂಥ ಊಟ?

ಒಂದು ಗಾಜಿನ ಟೆಸ್ಟ್ ಟ್ಯೂಬ್, ತಳದಲ್ಲಿ ನೀರು, ನೀರಿಗೆ ಅಡ್ಡವಾಗಿ ಹತ್ತಿ, ಹತ್ತಿಯ ಈಚೆ ಒಂದು ರಾಣಿ ಇರುವೆ. ಸಾಕಣೆ ಶುರುವಾಗುವುದು ಹೀಗೆ. ನಮ್ಮಲ್ಲಿರುವುದು ಕ್ಯಾಂಪೊನೋಟಸ್ ಎಂಬ ಕುಲದ ದೊಡ್ಡ ಕಪ್ಪು ಇರುವೆ, ಮನೆಯಲ್ಲಿ ಕಟ್ಟಿರುವೆ ಅಂತ ಕರೆಯುವುದು. ಈ ರಾಣಿ ಶುರುವಿನಲ್ಲಿ ಏನೂ ತಿನ್ನುವುದಿಲ್ಲ. ಹಾರಾಟ ಮುಗಿಸಿ ರೆಕ್ಕೆ ಉದುರಿಸಿದ ಮೇಲೆ, ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮೊದಲ ಮರಿಗಳನ್ನು ಬೆಳೆಸುತ್ತದೆ. ಕೆಲಸಗಾರ ಇರುವೆಗಳು ಹೊರಬಂದ ಮೇಲೆಯೇ ನಮ್ಮ ಕೆಲಸ.

ಬೆಳೆದ ಇರುವೆ ಗಟ್ಟಿ ಆಹಾರ ನುಂಗುವುದಿಲ್ಲ. ಅದರ ಸೊಂಟ ಅಷ್ಟು ಸಪೂರ, ದ್ರವ ಮಾತ್ರ ಒಳಗೆ ಹೋಗುತ್ತದೆ. ಅದಕ್ಕೆ ಬೇಕಾದ ಶಕ್ತಿ ಸಕ್ಕರೆಯಿಂದ ಬರುತ್ತದೆ. ಒಂದು ಪಾಲು ಜೇನಿಗೆ ಮೂರು ಪಾಲು ನೀರು ಸೇರಿಸಿ ಹತ್ತಿಯಲ್ಲಿ ಅದ್ದಿ ಇಟ್ಟರೆ ಸಾಕು. ಕುಡಿದು ಬಂದ ಇರುವೆ ಹೊಟ್ಟೆಯಲ್ಲಿರುವ ಒಂದು ಚೀಲದಲ್ಲಿ ಅದನ್ನು ಇಟ್ಟುಕೊಂಡು ಉಳಿದವಕ್ಕೆ ಬಾಯಿಂದ ಬಾಯಿಗೆ ಹಂಚುತ್ತದೆ.

ಆದರೆ ಮರಿಹುಳಗಳಿಗೆ ಸಕ್ಕರೆ ಸಾಲುವುದಿಲ್ಲ, ಮೈ ಬೆಳೆಯಬೇಕಾದರೆ ಪ್ರೋಟೀನ್ ಬೇಕು. ಗೂಡಿನಲ್ಲಿ ಮರಿ ಜಾಸ್ತಿ ಇದ್ದರೆ ಇರುವೆಗಳು ಕೊಟ್ಟ ಹುಳವನ್ನು ಕೂಡಲೇ ಎಳೆದುಕೊಂಡು ಹೋಗುತ್ತವೆ. ಮರಿ ಇಲ್ಲದಿದ್ದರೆ ಮುಟ್ಟುವುದೂ ಕಡಿಮೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಬರುವ ಫೀಡ್‌ಬ್ಯಾಕ್ ಲೂಪ್ ಇದೇ. ಎಷ್ಟು ಹಾಕಬೇಕು ಅಂತ ನಾವು ಲೆಕ್ಕ ಹಾಕಬೇಕಾಗಿಲ್ಲ, ಗೂಡೇ ಹೇಳುತ್ತದೆ.

ಬೆಳಕು ಹುಳವನ್ನು ಕರೆಯುತ್ತದಾ?

ಹುಳಗಳು ಚಂದ್ರನನ್ನು ನೋಡಿ ದಾರಿ ಹಿಡಿಯುತ್ತವೆ, ಬಲ್ಬನ್ನು ಚಂದ್ರ ಅಂತ ತಿಳಿದು ಮೋಸ ಹೋಗುತ್ತವೆ ಅಂತ ನಾವೆಲ್ಲ ಕೇಳಿದ್ದೇವೆ. 2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆ ಉತ್ತರ ಕೊಟ್ಟಿತು. ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಜೊತೆಯವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಲ್ಯಾಬಿನಲ್ಲೂ ಕೋಸ್ಟರಿಕಾದ ಕಾಡಿನಲ್ಲೂ ಹೈಸ್ಪೀಡ್ ಕ್ಯಾಮೆರಾ ಇಟ್ಟು ಲೈಟಿನ ಸುತ್ತ ಹಾರುವ ಹುಳಗಳನ್ನು ಚಿತ್ರೀಕರಿಸಿದರು.

ಅವರಿಗೆ ಕಂಡದ್ದು ಇದು: ಹುಳಗಳು ನೇರವಾಗಿ ಲೈಟಿನ ಕಡೆಗೆ ಹಾರುವುದಿಲ್ಲ, ಲೈಟಿಗೆ ಬೆನ್ನು ಕೊಡುತ್ತವೆ. ಹಾರುವ ಹುಳಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗಬೇಕು. ಕೋಟ್ಯಂತರ ವರ್ಷಗಳಿಂದ ರಾತ್ರಿಯೂ ನೆಲಕ್ಕಿಂತ ಆಕಾಶವೇ ಬೆಳಕು. ಹಾಗಾಗಿ ಬೆಳಕಿರುವ ಕಡೆಗೆ ಬೆನ್ನು ತಿರುಗಿಸಿದರೆ ಮೈ ಸರಿಯಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಬಲ್ಬ್ ಇದ್ದರೆ ಬೆನ್ನು ಆ ಕಡೆ ವಾಲುತ್ತದೆ, ಹಾರುವ ದಾರಿ ಬಾಗಿ ಬಾಗಿ ಸುತ್ತು ಹೊಡೆಯುತ್ತದೆ. ಬೆಳಕು ಕೆಳಗಿನಿಂದ ಬಂದರೆ ಹುಳ ತಲೆಕೆಳಗಾಗಿ ನೆಲಕ್ಕೆ ಬೀಳುತ್ತದೆ. ಅಂದರೆ ಲೈಟಿನ ಹತ್ತಿರ ಬಂದ ಹುಳ ಖುಷಿಗೆ ಕುಣಿಯುವುದಲ್ಲ. ಅದು ಬಿಡಿಸಿಕೊಳ್ಳಲಾಗದೆ ಸಿಕ್ಕಿಬಿದ್ದಿದೆ.

ಎಲ್ಲ ಹುಳವೂ ಹೀಗಲ್ಲ. ನಮ್ಮ ಅಂಗಳದ ಕಣಗಿಲೆ, ನಂದಿಬಟ್ಟಲು ಗಿಡಗಳಲ್ಲಿ ಹಸಿರು ಕಂಬಳಿಹುಳವಾಗಿ ಬೆಳೆಯುವ ಓಲಿಯಾಂಡರ್ ಹಾಕ್‌ಮಾತ್ ಎಂಬ ಪತಂಗ ಆ ಪ್ರಯೋಗದಲ್ಲಿ ಲೈಟನ್ನು ಲೆಕ್ಕಿಸದೆ ದಾಟಿ ಹೋಯಿತು.

ನಾವು ಹಿಡಿಯುವ ಕ್ರಮ

ಬಟ್ಟೆ ಒಣಗಿಸುವ ಹಗ್ಗಕ್ಕೆ ಹಳೆಯ ಬಿಳಿ ಪಂಚೆ, ಅದರ ಮುಂದೆ ಒಂದು ಲೈಟ್. ಇಷ್ಟೇ ಸೆಟಪ್. ರಾತ್ರಿ ಹಾರುವ ಹುಳಗಳ ಕಣ್ಣಿಗೆ ನೇರಳಾತೀತ, ನೀಲಿ, ಹಸಿರು ಬಣ್ಣಗಳು ಚೆನ್ನಾಗಿ ಕಾಣುತ್ತವೆ, ಕೆಂಪು ಕಾಣುವುದು ಕಡಿಮೆ. ಮಾಮೂಲಿ ಬಿಳಿ ಎಲ್‌ಇಡಿಯಲ್ಲಿ ನೇರಳಾತೀತ ಇಲ್ಲವೆಂದೇ ಹೇಳಬಹುದು, ಅದರ ನೀಲಿ ಶಿಖರ ಸುಮಾರು 450 ನ್ಯಾನೋಮೀಟರ್‌ನಲ್ಲಿ. ಅದಕ್ಕೆ ನಾವು ನೋಟು ಪರೀಕ್ಷಿಸುವ 365 ನ್ಯಾನೋಮೀಟರ್ ಲೈಟ್ ಬಳಸುತ್ತೇವೆ. ಅದನ್ನು ನೇರ ನೋಡಬಾರದು. ಕೊರೋನಾ ಸಮಯದಲ್ಲಿ ಕ್ರಿಮಿ ಕೊಲ್ಲಲು ಮಾರುತ್ತಿದ್ದ 254 ನ್ಯಾನೋಮೀಟರ್ ಲೈಟಿನ ತಂಟೆಗಂತೂ ಹೋಗಲೇಬೇಡಿ, ಕಣ್ಣು, ಚರ್ಮ ಎರಡಕ್ಕೂ ಹಾನಿ.

ಅಮಾವಾಸ್ಯೆಯ ಹತ್ತಿರದ, ಗಾಳಿ ಇಲ್ಲದ, ಸೆಕೆಯ ರಾತ್ರಿ ಒಳ್ಳೆಯದು. ಹುಣ್ಣಿಮೆಗೆ ಹುಳ ಕಡಿಮೆ. ಕತ್ತಲಾದ ಮೇಲೆ ಇಪ್ಪತ್ತು ನಿಮಿಷ ಸಾಕು. ಹತ್ತಿಪ್ಪತ್ತು ಇರುವೆಗಳ ಗೂಡಿಗೆ ಸೊಳ್ಳೆ ಗಾತ್ರದ ಒಂದೆರಡು ಹುಳವೇ ಹಬ್ಬದೂಟ. ಬೇಕಾದಷ್ಟು ಚಿಕ್ಕ ಪತಂಗ, ಗೆದ್ದಲುಗಳನ್ನು ಡಬ್ಬಕ್ಕೆ ಹಾಕಿ ಲೈಟ್ ಆರಿಸುತ್ತೇವೆ. ಹಿಡಿದದ್ದನ್ನು ಫ್ರೀಜರಿನಲ್ಲಿಟ್ಟು, ಕೊಡುವ ಮುಂಚೆ ಬಿಸಿನೀರಿನಲ್ಲಿ ಅದ್ದಿದರೆ ಮೈಮೇಲಿನ ಉಣ್ಣಿಗಳೂ ಸಾಯುತ್ತವೆ. ಉಳಿದ ಚೂರನ್ನು ಮರುದಿನವೇ ತೆಗೆಯಬೇಕು. ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಬರಲು ಎರಡು ದಿನ ಬೇಡ.

ಯಾವುದು ಬೇಡ?

ಅಡಿಕೆಗೆ ಮದ್ದು ಬಿಟ್ಟ ತೋಟದ ಹತ್ತಿರ ಹಿಡಿದ ಹುಳ ಬೇಡ. ಕೀಟನಾಶಕ ತಾಗಿದ ಒಂದೇ ಹುಳ ಗೂಡಿಗೆ ಹೋದರೆ ಸಾಕು, ಬಾಯಿಂದ ಬಾಯಿಗೆ ಹಂಚುವ ಗುಣವೇ ಮುಳುವಾಗಿ ಎಲ್ಲವೂ ಸಾಯಬಹುದು. ರಬ್ಬರ್ ತೋಟದ ತರಗೆಲೆಯಲ್ಲಿ ಬೆಳೆದು ಮಳೆಗಾಲದ ಮುಂಚೆ ಮನೆಗಳಿಗೆ ಮುತ್ತುವ, ಕೇರಳದವರು ಮುಪ್ಳಿ ವಂಡು ಎನ್ನುವ ಕಪ್ಪು ದುಂಬಿಯೂ ಬೇಡ, ಅದು ಸುರಿಸುವ ರಸ ಚರ್ಮ ಸುಡುತ್ತದೆ.

ಇನ್ನೊಂದು, ಹಾಸ್ಟೆಲಿನವರೆಲ್ಲ ನೆನಪಿಡಬೇಕಾದದ್ದು: ಕೇಸರಿ ಕಪ್ಪು ಪಟ್ಟೆಯ, ಇರುವೆಯಂತೆಯೇ ಕಾಣುವ ಸಪೂರ ಪೀಡೆರಸ್ ಹುಳ. ಲೈಟಿಗೆ ಬಂದು ಕುತ್ತಿಗೆ ಮೇಲೆ ಕೂತರೆ ಹೊಡೆಯಬೇಡಿ, ಊದಿ ಓಡಿಸಿ. ಅದು ಕಚ್ಚುವುದಿಲ್ಲ, ಆದರೆ ಜಜ್ಜಿದರೆ ಒಳಗಿನ ವಿಷ ತಾಗಿ ಬೊಬ್ಬೆ ಏಳುತ್ತದೆ.

ಹಾಗೆಯೇ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಬೆಳ್ತಂಗಡಿ ತಾಲೂಕಿಗೂ ಚಾಚಿಕೊಂಡಿದೆ. ಚಾರಣಕ್ಕೆ ಹೋದಾಗ ಅಲ್ಲಿಂದ ಹುಳವನ್ನಾಗಲಿ ರಾಣಿ ಇರುವೆಯನ್ನಾಗಲಿ ತರುವಂತಿಲ್ಲ. ನಮ್ಮ ಅಂಗಳದಲ್ಲೇ ಬೇಕಾದಷ್ಟು ಉಂಟು.

ನಮ್ಮ ಇಪ್ಪತ್ತು ನಿಮಿಷ, ಅವರ ಹನ್ನೆರಡು ಗಂಟೆ

"ಪಾಪದ ಹುಳಗಳನ್ನು ಹಿಡಿದು ಕೊಲ್ತೀರಲ್ಲ" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಾವು ಹತ್ತು ಹುಳ ಹಿಡಿದು ಲೈಟ್ ಆರಿಸುತ್ತೇವೆ. ಕ್ಯಾಂಪಸ್‌ಗಳಲ್ಲಿ, ಬಸ್‌ಸ್ಟ್ಯಾಂಡ್‌ಗಳಲ್ಲಿ, ಯಾರೂ ಇಲ್ಲದ ಪಾರ್ಕಿಂಗ್‌ಗಳಲ್ಲಿ ಫ್ಲಡ್‌ಲೈಟ್‌ಗಳು ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ ಉರಿಯುತ್ತವೆ. ಬೆಳಿಗ್ಗೆ ಕಂಬದ ಬುಡ ನೋಡಿ, ಗುಡಿಸಿದರೆ ಮುಷ್ಟಿ ತುಂಬ ಸತ್ತ ಹುಳ. ಆ ಪತಂಗಗಳು ರಾತ್ರಿ ಅರಳುವ ಹೂಗಳಿಗೆ ಪರಾಗ ತಲುಪಿಸಬೇಕಾದವು, ಬಾವಲಿಗಳಿಗೆ ಊಟ ಆಗಬೇಕಾದವು. ಇರುವೆ ರಾಣಿಗಳೂ ಅದೇ ರಾಶಿಯಲ್ಲಿರುತ್ತವೆ, ಒಂದೊಂದು ರಾಣಿ ಅಂದರೆ ಹುಟ್ಟಬೇಕಿದ್ದ ಒಂದೊಂದು ಗೂಡು. ಮಿಂಚುಹುಳದ ಕತೆ ಇನ್ನೂ ಕಷ್ಟ. ಅವು ಮಿನುಗಿಯೇ ಜೋಡಿ ಹುಡುಕುವುದು, ಫ್ಲಡ್‌ಲೈಟಿನ ಎದುರು ಆ ಮಿನುಗು ಯಾರಿಗೆ ಕಾಣಬೇಕು?

ಪರಿಹಾರ ನಮ್ಮ ಸಿಲೆಬಸ್ಸಿನ ಒಳಗೇ ಉಂಟು. ಬೆಳಕು ಆಕಾಶಕ್ಕೂ ಅಡ್ಡಕ್ಕೂ ಹೋಗದಂತೆ ಮೇಲೆ ಮುಚ್ಚಳ. 6500 ಕೆಲ್ವಿನ್‌ನ ನೀಲಿ ಬಿಳುಪಿನ ಬದಲು 2700 ಕೆಲ್ವಿನ್‌ನ ಹಳದಿ ಬೆಳಕು. ಜನ ಬಂದಾಗ ಮಾತ್ರ ಉರಿಯುವಂತೆ ಒಂದು ಪಿಐಆರ್ ಸೆನ್ಸರ್, ಒಂದು ರಿಲೇ. ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಇಲ್ಲ ಅಂತ ತಿರುಗುವವರು ಇದನ್ನು ಯಾಕೆ ಮಾಡಬಾರದು? ಕರೆಂಟ್ ಬಿಲ್ ಸಹ ಇಳಿಯುತ್ತದೆ, ಹಾಗಾಗಿ ಆಫೀಸಿನವರನ್ನು ಒಪ್ಪಿಸುವುದು ಸುಲಭ.

ಇರುವೆ ಸಾಕಲು ಎಲ್ಲರಿಗೂ ಮನಸ್ಸು ಬರಬೇಕೆಂದಿಲ್ಲ. ರೂಮಿನಿಂದ ಹೊರಡುವಾಗ ಸ್ವಿಚ್ ಒತ್ತಿ ಹೋದರೂ ಆಯ್ತು. ಇರುವೆ ನೋಡಬೇಕು ಅನ್ನುವವರು ಮಾತ್ರ ನಮ್ಮ ರೂಮಿಗೆ ಬನ್ನಿ. ಬರುವಾಗ ಬಿಸ್ಕಿಟ್ ತರಬೇಡಿ, ಡಬ್ಬದ ಹೊರಗಿನ ಇರುವೆಗಳೂ ಬರುತ್ತವೆ.