ಲಾಹೋರಿನಿಂದ ಬೆಂಗಳೂರಿಗೆ

ದಕ್ಷಿಣ ಏಷ್ಯದ ಕಾಲ್ಚೆಂಡಿನ ಪ್ರಥಮ ಪಂದ್ಯಾವಳಿಯು 1993ರಲ್ಲಿ ಲಾಹೋರಿನಲ್ಲಿ ಜರುಗಿತು. ಭಾರತ, ಶ್ರೀಲಂಕಾ, ನೇಪಾಳ, ಪಾಕಿಸ್ತಾನ ಎಂಬ ನಾಲ್ಕೇ ತಂಡಗಳು ಪರಸ್ಪರ ಸೆಣಸಿದುವು. ಅಗ್ರಸ್ಥಾನವು ಭಾರತಕ್ಕೆ ಲಭಿಸಿತು. ನೆರೆಯವರ ನೆಲದಲ್ಲಿ ಪಡೆದ ಈ ಜಯವು ಸಾಮಾನ್ಯವಾದುದಲ್ಲ.

ಮೂವತ್ತು ವರ್ಷಗಳ ತರುವಾಯ, 2023ರಲ್ಲಿ, ಅದೇ ಪಂದ್ಯಾವಳಿಯು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಬಂದಿತು. ಪಾಕಿಸ್ತಾನದವರೂ ಬಂದು ಆಡಿದರು. ತಂಡಗಳು ಎಂಟಾಗಿದ್ದುವು. ಜುಲೈ 4ರಂದು ಭಾರತವು ಕುವೈತನ್ನು ಪೆನಾಲ್ಟಿ ಒದೆತಗಳಲ್ಲಿ 5-4ರಿಂದ ಸೋಲಿಸಿ ಒಂಬತ್ತನೆಯ ಬಾರಿ ವಿಜಯಿಯಾಯಿತು. ಇದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿಯೇ ಸರಿ.

ಆದರೆ ಆಟವು ರಾಜಧಾನಿಯ ಸೊತ್ತಾಗಿ ಉಳಿಯಬಾರದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ಶರಾವತಿಯ ಕಣಿವೆಯ ಊರುಗಳು ಮುಳುಗಿ, ನಾಡಿಗೆ ಬೆಳಕು ಬಂದಿತು. ನೆಲವನ್ನೇ ಕೊಟ್ಟ ಸಾಗರ, ಹೊಸನಗರ ಸೀಮೆಯ ಮಕ್ಕಳಿಗೆ ಊರಿಗೊಂದು ಆಟದ ಬಯಲನ್ನಾದರೂ ಕೊಡುವುದು ಸರ್ಕಾರದ ಧರ್ಮವಲ್ಲವೆ?